ನಿಮಗಿದು ಗೊತ್ತೇ? ಬೀಗರು ಗಡಿಯಾಚೆ, ಕಾನೂನು ಎರಡು ಬಗೆ

ಹಿಂದೂಪುರದಿಂದ ಗೌರಿಬಿದನೂರಿಗೆ ಇಪ್ಪತ್ತೈದು ಕಿಲೋಮೀಟರಿನ ಆಸುಪಾಸು. ಮಕ್ಕಳಾಗಲೆಂದು ಹಿಂದೂಪುರದವರು ಹೋಗಿ ನಾಗರಪ್ರತಿಷ್ಠೆ ಮಾಡಿಸುವ ವಿದುರಾಶ್ವತ್ಥ ಇನ್ನೂ ಹತ್ತಿರ. ಆದರೆ ಅದು ಕರ್ನಾಟಕ. ಕಲ್ಯಾಣದುರ್ಗದ ಕಡೆಯವರಿಗೆ ಪಾವಗಡ, ಚಳ್ಳಕೆರೆ ಸೀಮೆಗಳೆಲ್ಲ ಬೀಗರ ಊರು. ಪಾವಗಡವಂತೂ ಮೂರು ಕಡೆಯಿಂದ ಆಂಧ್ರ ಸುತ್ತಿಕೊಂಡಿರುವ ತಾಲ್ಲೂಕು. ಹೆಣ್ಣು ತರುವಾಗ, ಹೆಣ್ಣು ಕೊಡುವಾಗ ಇಲ್ಲಿ ಯಾರೂ ಗಡಿ ನೋಡುವುದಿಲ್ಲ. ಸಂಸಾರ ಕೆಟ್ಟು ಕೋರ್ಟಿನ ಮೆಟ್ಟಿಲು ಹತ್ತಿದ ದಿನ ಅದು ಕಣ್ಣಿಗೆ ಬೀಳುತ್ತದೆ. ಈ ಸೀಮೆಯಲ್ಲಿ ಕೌಟುಂಬಿಕ ಮೊಕದ್ದಮೆ ಹಿಡಿಯುವ ವಕೀಲರು ಕಕ್ಷಿದಾರರನ್ನು ಮೊದಲು ಕೇಳಬೇಕಾದ್ದು "ಏನಾಯ್ತಮ್ಮ?" ಎಂದಲ್ಲ, "ಯಾವ ಕಡೆ ಆಯ್ತಮ್ಮ?" ಎಂದು. ಯಾಕೆ ಅನ್ನುತ್ತೀರಾ?

ನಿಮಗಿದು ಗೊತ್ತೇ? ಹಿಂದೂಪುರದ ಹೆಣ್ಣುಮಗಳ ಮೇಲೆ ಗಂಡ ಗೌರಿಬಿದನೂರಲ್ಲಿ ವಿಚ್ಛೇದನದ ಅರ್ಜಿ ಹಾಕಿದ ಎನ್ನಿ. ಆ ಕೇಸನ್ನು ತನ್ನೂರಿಗೆ ವರ್ಗ ಮಾಡಿಸಿಕೊಳ್ಳಲು ಆಕೆ ಹೋಗಬೇಕಾದ್ದು ಬೆಂಗಳೂರಿಗೂ ಅಲ್ಲ, ಅಮರಾವತಿಗೂ ಅಲ್ಲ, ದೆಹಲಿಗೆ. ಎರಡು ಹೈಕೋರ್ಟುಗಳ ಕೆಳಗಿನ ಕೋರ್ಟುಗಳ ನಡುವೆ ಸಿವಿಲ್ ಪ್ರಕರಣ ವರ್ಗಾಯಿಸುವ ಅಧಿಕಾರ ಸಿವಿಲ್ ಪ್ರಕ್ರಿಯಾ ಸಂಹಿತೆಯ 25ನೇ ಕಲಮಿನಂತೆ ಸುಪ್ರೀಂ ಕೋರ್ಟಿಗೆ ಮಾತ್ರ ಎಂದು 2008ರಲ್ಲೇ ತೀರ್ಮಾನವಾಗಿದೆ. ಅದೇ ಗಂಡ ಅನಂತಪುರದಲ್ಲಿ ಹಾಕಿದ್ದರೆ ನೂರಾರು ಕಿಲೋಮೀಟರ್ ಓಡಾಟವಾದರೂ ಕೆಲಸ ಅಮರಾವತಿಯಲ್ಲೇ ಮುಗಿಯುತ್ತಿತ್ತು. ಪಕ್ಕದೂರಿನ ಕೇಸಿಗೆ ದೆಹಲಿ, ದೂರದೂರಿನ ಕೇಸಿಗೆ ಅಮರಾವತಿ! ಹೆಂಡತಿಯ ಅನುಕೂಲಕ್ಕೆ ಸುಪ್ರೀಂ ಕೋರ್ಟು ಸಾಮಾನ್ಯವಾಗಿ ಕಿವಿಗೊಡುತ್ತದೆ, ನಿಜ. ಆದರೆ ದೆಹಲಿಯಲ್ಲಿ ವಕೀಲರನ್ನು ಇಡುವ ದುಡ್ಡಿಗೆ ಎಷ್ಟು ಸಲ ರೈಲು ಹತ್ತಿ ಗೌರಿಬಿದನೂರಿಗೆ ಹೋಗಿಬರಬಹುದು ಎಂದೂ ಒಮ್ಮೆ ಲೆಕ್ಕ ಹಾಕಿ ನೋಡಬೇಕು.

ದೆಹಲಿ ದಾರಿ ಹಿಡಿಯುವ ಮೊದಲು ಇದೊಂದು: 2003ರ ಡಿಸೆಂಬರ್ 23ರಿಂದ ಹೆಂಡತಿಯೇ ಅರ್ಜಿದಾರಳಾದರೆ ತಾನು ವಾಸವಿರುವ ಊರಿನ ಕೋರ್ಟಿನಲ್ಲೇ ಹಾಕಬಹುದು. ಗಂಡನಿಗೆ ಈ ಸವಲತ್ತಿಲ್ಲ.

ಒಂದೇ ಮದುವೆಯ ಬಗ್ಗೆ ಇಬ್ಬರೂ ಎರಡು ಕಡೆ ವಿಚ್ಛೇದನಕ್ಕೆ ಹಾಕಿದರೆ? ಹಿಂದೂ ವಿವಾಹ ಕಾಯ್ದೆಯ 21ಎ ಕಲಮಿನ ಪ್ರಕಾರ ಎರಡನೆಯ ಅರ್ಜಿ ಮೊದಲನೆಯ ಕೋರ್ಟಿಗೆ ಹೋಗಬೇಕು. ಹಾಗಾಗಿ ಮೊದಲು ಹಾಕಿದವರ ಊರಿಗೆ ಕೇಸು. ರಾಜಿ ಪಂಚಾಯ್ತಿ ಅಂತ ಮೂರು ತಿಂಗಳು ಕಾಯಿಸಿ, ಒಳಗಿಂದೊಳಗೆ ತಮ್ಮೂರಲ್ಲಿ ಅರ್ಜಿ ಹಾಕಿಬಿಡುವ ಚಾಣಾಕ್ಷತನದ ಗುಟ್ಟು ಇದೇ. ಆದರೂ ಈ ಕಲಮು ಸುಪ್ರೀಂ ಕೋರ್ಟಿನ ಕೈ ಕಟ್ಟುವುದಿಲ್ಲ. 1981ರಲ್ಲಿ ಇಂಥದೇ ವಾದ ಬಂದಾಗ ರಾಜಸ್ಥಾನದ ಉದಯಪುರದಲ್ಲಿ ಗಂಡ ಹಾಕಿದ್ದ ಕೇಸನ್ನು ಅದು ಹೆಂಡತಿಯಿದ್ದ ಆಂಧ್ರದ ಏಲೂರಿಗೇ ಕಳಿಸಿತ್ತು.

ನಿಮಗಿದು ಗೊತ್ತೇ? ಕಿರುಕುಳ ನಡೆದದ್ದು ಗಂಡನ ಮನೆಯಲ್ಲಿ, ಕರ್ನಾಟಕದಲ್ಲಿ. ದೂರನ್ನು ಹಿಂದೂಪುರದಲ್ಲೇ ಕೊಡಬಹುದು. ಹೊರದೂಡಲ್ಪಟ್ಟ ಹೆಂಡತಿ ಆಸರೆ ಪಡೆದ ಊರಿನಲ್ಲೂ 498ಎ ಪ್ರಕರಣ ನಡೆಯಬಹುದೆಂದು ಸುಪ್ರೀಂ ಕೋರ್ಟು 2019ರಲ್ಲಿ ಹೇಳಿದೆ. ಅಂದಹಾಗೆ 498ಎ ಈಗ ಭಾರತೀಯ ನ್ಯಾಯ ಸಂಹಿತೆಯ 85 ಮತ್ತು 86. ಆದರೆ 2024ರ ಜುಲೈ 1ಕ್ಕೆ ಮುಂಚಿನ ಕಿರುಕುಳಕ್ಕೆ ಹಳೆಯ ನಂಬರೇ ಸರಿ.

*

ಇನ್ನು ಆಸ್ತಿ. ಈ ಗಡಿಯ ಕಥೆ ಅತ್ಯಂತ ರಂಗೇರುವುದು ಇಲ್ಲಿ.

1933ರಲ್ಲಿ ಮೈಸೂರು ಸಂಸ್ಥಾನ ಹಿಂದೂ ಹೆಂಗಸರ ಹಕ್ಕುಗಳ ಕಾಯ್ದೆ ತಂದಿತು. ಅಪ್ಪ–ಮಕ್ಕಳ ನಡುವೆ ಪಾಲಾದರೆ ಅಪ್ಪನ ತಾಯಿಗೂ ಮದುವೆಯಾಗದ ಹೆಣ್ಣುಮಕ್ಕಳಿಗೂ ಪಾಲು ಎಂದಿತು. ಪಾವಗಡ, ಗೌರಿಬಿದನೂರು ಮೈಸೂರಿನವು. ಅಲ್ಲಿಯ ಹೆಣ್ಣಿಗೆ ಆ ಹಕ್ಕು ಸಿಕ್ಕಿತು. ಹಿಂದೂಪುರ, ಕಲ್ಯಾಣದುರ್ಗ ಮದರಾಸು ಪ್ರಾಂತ್ಯದಲ್ಲಿದ್ದವು. ಇಲ್ಲಿ ವಿಧವೆಗೆ ಒಂದಿಷ್ಟು ಹಕ್ಕು ಬರಲು 1937ರ ಬ್ರಿಟಿಷ್ ಕಾಯ್ದೆಯ ತನಕ ಕಾಯಬೇಕಾಯಿತು. ಮಗಳ ಹೆಸರು ಅದರಲ್ಲೂ ಬರಲಿಲ್ಲ. ಆಗ ಗಡಿಯಾಚೆಯವರೇ ಮುಂದೆ.

1985ರಲ್ಲಿ ತಕ್ಕಡಿ ತಿರುಗಿತು. ಆಂಧ್ರಪ್ರದೇಶ ತನ್ನದೇ ತಿದ್ದುಪಡಿ ಮಾಡಿ, ಸೆಪ್ಟೆಂಬರ್ 5ರಿಂದ ಮಗಳೂ ಮಗನಂತೆ ಹುಟ್ಟಿನಿಂದಲೇ ಪಿತ್ರಾರ್ಜಿತದಲ್ಲಿ ಪಾಲುದಾರಳು ಎಂದುಬಿಟ್ಟಿತು. ಆಗ ಮುಖ್ಯಮಂತ್ರಿ ಎನ್.ಟಿ. ರಾಮರಾವ್. ಅವರು ಶಾಸಕರಾಗಿದ್ದದ್ದು ಯಾವ ಕ್ಷೇತ್ರಕ್ಕೆ ಗೊತ್ತೇ? ಇದೇ ಹಿಂದೂಪುರಕ್ಕೆ. ಕರ್ನಾಟಕದ ಮಗಳಿಗೆ ಇಂಥದೇ ಹಕ್ಕು ಬಂದದ್ದು 1994ರ ಜುಲೈ 30ಕ್ಕೆ. ಹತ್ತಿರ ಹತ್ತಿರ ಒಂಬತ್ತು ವರ್ಷ ಹಿಂದೂಪುರದ ಹುಡುಗಿಗೆ ಇದ್ದ ಪಾಲು ಗೌರಿಬಿದನೂರಿನ ಹುಡುಗಿಗೆ ಇರಲಿಲ್ಲ.

ಎರಡರಲ್ಲೂ ಒಂದು ಮುಳ್ಳಿತ್ತು. ಕಾಯ್ದೆ ಜಾರಿಗೆ ಬರುವ ಮೊದಲೇ ಮದುವೆಯಾದ ಮಗಳಿಗೆ ಏನೂ ಇಲ್ಲ. ಹಾಗಾಗಿ ಎಷ್ಟೋ ಮನೆಗಳಲ್ಲಿ ದೊಡ್ಡ ಮಗಳಿಗೆ ಬರೀ ಅರಿಶಿನ–ಕುಂಕುಮ, ಚಿಕ್ಕವಳಿಗೆ ಪಾಲು. ಆ ಮುಳ್ಳು ಕಿತ್ತದ್ದು 2005ರ ಸೆಪ್ಟೆಂಬರ್ 9ರ ಕೇಂದ್ರ ತಿದ್ದುಪಡಿ. ಆ ದಿನ ಅಪ್ಪ ಬದುಕಿರಲೇಬೇಕೇ ಎಂಬ ಜಗಳವನ್ನು 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ತೀರ್ಪು ಮುಗಿಸಿತು: ಬೇಕಿಲ್ಲ. ಆದರೆ 2004ರ ಡಿಸೆಂಬರ್ 20ಕ್ಕೆ ಮೊದಲೇ ಪಾಲಾಗಿದ್ದರೆ ಅದನ್ನು ಕದಲಿಸುವಂತಿಲ್ಲ. ಈಗ ಅಣ್ಣತಮ್ಮಂದಿರ ಟ್ರಂಕಿನಿಂದ ಹಠಾತ್ತನೆ ಹಳದಿ ಬಣ್ಣದ ಪಾಲುಪಾರೀಖತ್ತುಗಳು ಹೊರಬರುವುದು ಇದೇ ಕಾರಣಕ್ಕೆ. "ಬಾಯಿಮಾತಲ್ಲೇ ಪಾಲಾಗಿತ್ತು ಸ್ವಾಮಿ" ಎನ್ನುವುದನ್ನು ಕೋರ್ಟು ಸುಲಭಕ್ಕೆ ಒಪ್ಪುವುದಿಲ್ಲ. ಅದಕ್ಕೆ ಬೆಂಬಲವಾಗಿ ಸರ್ಕಾರಿ ದಾಖಲೆ ಬೇಕು.

ಅರಿಶಿನ–ಕುಂಕುಮ ಎಂದೆನಲ್ಲ, ಈ ಸೀಮೆಯಲ್ಲಿ ಅದು ಬರೀ ಸೀರೆ–ಕುಪ್ಪಸವಲ್ಲ. ಮಗಳ ಮದುವೆಯಲ್ಲಿ ಆ ಹೆಸರಲ್ಲಿ ಎಕರೆಗಟ್ಟಲೆ ಹೊಲವನ್ನೇ ಬಿಟ್ಟುಕೊಟ್ಟವರಿದ್ದಾರೆ. ಕೊಟ್ಟದ್ದು ಬಾಯಿಮಾತಲ್ಲಿ, ಪಹಣಿ ಅಣ್ಣನ ಹೆಸರಲ್ಲೇ. ದಾನವೆಂದರೆ ನೋಂದಣಿ ಕಡ್ಡಾಯ ಎನ್ನುತ್ತದೆ ಸ್ವತ್ತು ವರ್ಗಾವಣೆ ಕಾಯ್ದೆಯ 123ನೇ ಕಲಮು. ಇದು ದಾನವಲ್ಲ, ಮಗಳಿಗೆ ಅಪ್ಪ ಸಲ್ಲಿಸಬೇಕಾದ ಬಾಧ್ಯತೆ ಎಂಬುದು ಮಗಳ ಕಡೆಯ ವಕೀಲರ ವಾದ. ಅಳಿಯನ ಕಾಲಕ್ಕೆ ಸುಮ್ಮನಿದ್ದ ಜಗಳ ಮೊಮ್ಮಕ್ಕಳ ಕಾಲಕ್ಕೆ ಏಳುತ್ತದೆ.

*

ನಿಮಗಿದು ಗೊತ್ತೇ? ಅಕ್ಕನ ಮಗಳನ್ನು ಮದುವೆಯಾಗುವುದು ಹಿಂದೂ ವಿವಾಹ ಕಾಯ್ದೆಯ ಬರಹದ ಪ್ರಕಾರ ನಿಷಿದ್ಧ. ಸೋದರಮಾವನ ಮಗಳೂ ನಿಷಿದ್ಧ, ಸೋದರತ್ತೆಯ ಮಗಳೂ ನಿಷಿದ್ಧ. ಅಂದರೆ ರಾಯಲಸೀಮೆಯ, ಹಳೆ ಮೈಸೂರಿನ ಮನೆಗಳಲ್ಲಿ "ಇವಳಿಗೆ ಇವನೇ" ಎಂದು ತೊಟ್ಟಿಲಲ್ಲೇ ಹೇಳುತ್ತಿದ್ದ ಸಂಬಂಧಗಳೆಲ್ಲ! ಉಳಿಸುವುದು ಒಂದೇ ವಾಕ್ಯ: ಇಬ್ಬರ ಕಡೆಯ ರೂಢಿಯೂ ಒಪ್ಪಿದರೆ ಸರಿ. "ಇಬ್ಬರ" ಎಂಬ ಮಾತನ್ನು ಗುರುತು ಹಾಕಿಕೊಳ್ಳಿ. ಮೂವತ್ತು ವರ್ಷ ಬಾಳ್ವೆ ಮಾಡಿದ ಗಂಡ, ಜೀವನಾಂಶದ ನೋಟಿಸು ಬಂದ ಮರುದಿನ "ಅವಳು ನನ್ನ ಅಕ್ಕನ ಮಗಳು, ಆ ಮದುವೆಯೇ ಅಸಿಂಧು" ಎಂದು ಎದುರು ಹೇಳಿಕೆ ಸಲ್ಲಿಸಿದರೆ, ರೂಢಿಯನ್ನು ಸಾಬೀತು ಮಾಡುವ ಹೊರೆ ಹೆಂಡತಿಯ ಮೇಲೆ ಬೀಳುತ್ತದೆ. ಆದ್ದರಿಂದ ಅರ್ಜಿಯಲ್ಲೇ ರೂಢಿಯನ್ನು ಬರೆದುಬಿಡುವುದು ಜಾಣತನ. ಸಾಕ್ಷಿಗೆ ಕುಲದ ಹಿರಿಯರನ್ನು ಕರೆಯಿರಿ, ವಂಶವೃಕ್ಷದಲ್ಲಿ ಅಂಥ ಇನ್ನೂ ನಾಲ್ಕು ಮದುವೆಗಳನ್ನು ತೋರಿಸಿ.

ಇದೇ ಜೋಡಿ 1954ರ ವಿಶೇಷ ವಿವಾಹ ಕಾಯ್ದೆಯಡಿ ಮದುವೆಯಾಗಲು ಹೋದರೆ ಮಾತು ಬೇರೆ. ಅಲ್ಲಿ ಗಂಡಿಗೆ 37, ಹೆಣ್ಣಿಗೆ 37 ನಿಷಿದ್ಧ ಸಂಬಂಧಗಳ ಪಟ್ಟಿಯೇ ಇದೆ. ಅಕ್ಕನ ಮಗಳು ಅದರಲ್ಲಿದ್ದಾಳೆ. ರೂಢಿಗೆ ವಿನಾಯಿತಿ 1963ರಲ್ಲಿ ಬಂತಾದರೂ, ರಾಜ್ಯ ಸರ್ಕಾರ ಗೆಜೆಟ್‌ನಲ್ಲಿ ಪ್ರಕಟಿಸಿದ ರೂಢಿ ಮಾತ್ರ ಅಲ್ಲಿ ಲೆಕ್ಕಕ್ಕೆ ಬರುತ್ತದೆ. ಮಂಟಪದಲ್ಲಿ ಸಲ್ಲುವ ಸಂಬಂಧ ಸಬ್‌ರಿಜಿಸ್ಟ್ರಾರ್ ಮೇಜಿನ ಮುಂದೆ ಸಲ್ಲದು.

ಇನ್ನೊಂದು ಗಂಟು ಇದಕ್ಕಿಂತ ಬಿಗಿ. ಕಲ್ಯಾಣದುರ್ಗದ ಬೋಯರೂ ಚಳ್ಳಕೆರೆ, ಪಾವಗಡದ ನಾಯಕರೂ ಬೀಗತನ ಮಾಡುವ ನೆಂಟರು. ಕರ್ನಾಟಕದಲ್ಲಿ ನಾಯಕ, ಬೇಡ, ವಾಲ್ಮೀಕಿ ಪರಿಶಿಷ್ಟ ಪಂಗಡ. ಬೇಡ, ವಾಲ್ಮೀಕಿ ಮುಂತಾದ ಹೆಸರುಗಳು ಪಟ್ಟಿಗೆ ಸೇರಿದ್ದು 1991ರಲ್ಲಿ. ಆಂಧ್ರದ ಬಯಲುಸೀಮೆಯಲ್ಲಿ ಅವರು ಹಿಂದುಳಿದ ವರ್ಗ. ಮೀಸಲಾತಿಯ ಈ ವ್ಯತ್ಯಾಸ ಎಲ್ಲರಿಗೂ ಗೊತ್ತು. ಆದರೆ ಹಿಂದೂ ವಿವಾಹ ಕಾಯ್ದೆ ಮತ್ತು ಉತ್ತರಾಧಿಕಾರ ಕಾಯ್ದೆಗಳ 2(2) ಕಲಮು ತೆಗೆದು ನೋಡಿ: ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸದ ಹೊರತು ಈ ಕಾಯ್ದೆಗಳು ಪರಿಶಿಷ್ಟ ಪಂಗಡದವರಿಗೆ ಅನ್ವಯಿಸುವುದಿಲ್ಲ. ಅಂದರೆ ಅಕ್ಕನನ್ನು ಗಡಿಯಾಚೆ, ತಂಗಿಯನ್ನು ಊರಲ್ಲೇ ಕೊಟ್ಟಿದ್ದರೆ, ಇಬ್ಬರು ಅಳಿಯಂದಿರಿಗೂ ಒಂದೇ ಕಾನೂನು ಎಂದು ಕಣ್ಣುಮುಚ್ಚಿ ಹೇಳುವಂತಿಲ್ಲ. ಹಿಂದೂ ಆಚಾರಗಳನ್ನೇ ಪೂರ್ತಿ ಅನುಸರಿಸುವ ಪಂಗಡಗಳಿಗೆ ಕಾಯ್ದೆ ಅನ್ವಯಿಸಿದ ತೀರ್ಪುಗಳೂ ಇವೆ. ಆದರೆ ಅದನ್ನು ವಾದಪತ್ರದಲ್ಲಿ ಹೇಳಬೇಕು, ಸಾಕ್ಷಿಯಿಂದ ತೋರಿಸಬೇಕು. ಜಾತಿ ಸರ್ಟಿಫಿಕೇಟನ್ನು ಫೈಲಿನ ತಳದಲ್ಲಿಟ್ಟು ಮರೆತವರು ಕೊನೆಯ ವಾದದ ದಿನ ಬೆವರುತ್ತಾರೆ.

ಹದಿನೇಳರ ಹುಡುಗಿಯ ಮದುವೆ? ಕರ್ನಾಟಕದಲ್ಲಿ 2017ರಿಂದ ಬಾಲ್ಯವಿವಾಹ ಹುಟ್ಟಿನಿಂದಲೇ ಅಸಿಂಧು. ಆ ರಾಜ್ಯದ್ದೇ ತಿದ್ದುಪಡಿ ಅದು. ಗಡಿಯ ಈಚೆ 2006ರ ಕೇಂದ್ರ ಕಾಯ್ದೆಯಂತೆ ಮಾಡಿದವರಿಗೆ ಶಿಕ್ಷೆಯುಂಟು, ಮದುವೆ ಮಾತ್ರ ತಾನಾಗಿ ಬೀಳದು. ಹುಡುಗಿ ಇಪ್ಪತ್ತು ತುಂಬುವುದರೊಳಗೆ ಕೋರ್ಟಿಗೆ ಹೋಗಿ ರದ್ದು ಮಾಡಿಸಿಕೊಳ್ಳಬೇಕು. ತಾಳಿ ಪಾವಗಡದಲ್ಲಿ ಕಟ್ಟಿ ಸಂಸಾರ ಕಲ್ಯಾಣದುರ್ಗದಲ್ಲಿ ಹೂಡಿದರೆ ಯಾವುದು? ವಕೀಲರ ಕೊಠಡಿಯಲ್ಲಿ ಚಹಾ ಆರುವ ತನಕ ಚರ್ಚಿಸಬಹುದಾದ ಪ್ರಶ್ನೆ. ಊರಿನ ಹೆಸರಲ್ಲೇ ಕಲ್ಯಾಣವಿದೆ ನೋಡಿ!

*

ನಿಮಗಿದು ಗೊತ್ತೇ? ನೂರು ರೂಪಾಯಿ ಬಾಂಡ್ ಪೇಪರಿನ ಮೇಲೆ ಬರೆದ "ಬಿಡುಗಡೆ ಪತ್ರ" ವಿಚ್ಛೇದನವಲ್ಲ.

ಗೊತ್ತು ಎನ್ನುತ್ತೀರಿ. ಆದರೂ ಪ್ರತಿ ವಾರ ಒಬ್ಬರಾದರೂ ಪ್ಲಾಸ್ಟಿಕ್ ಕವರಿನಿಂದ ಅದನ್ನು ಜೋಪಾನವಾಗಿ ತೆಗೆದು ಮೇಜಿನ ಮೇಲೆ ಇಡುತ್ತಾರೆ. ನಾಲ್ಕು ಮಡಿಕೆ, ಮಡಿಕೆಯಲ್ಲಿ ಹರಿದು ಟೇಪು ಅಂಟಿಸಿರುತ್ತದೆ. ಬರಹ ತೆಲುಗಿನಲ್ಲಿ, ಸಾಕ್ಷಿಗಳ ಸಹಿ ಎರಡು ಕನ್ನಡದಲ್ಲಿ, ಹುಡುಗಿಯದು ಹೆಬ್ಬೆಟ್ಟು, ಮೂಲೆಯಲ್ಲಿ ನೋಟರಿಯ ಕೆಂಪು ಮೊಹರು. "ಇನ್ನು ಮೇಲೆ ನಾನ್ಯಾರೋ ನೀನ್ಯಾರೋ" ಎಂಬ ಧಾಟಿಯ ಒಕ್ಕಣೆ. ಅದನ್ನು ನಂಬಿ ಇಬ್ಬರೂ ಬೇರೆ ಮದುವೆಯಾಗಿ ಮಕ್ಕಳೂ ಆಗಿರುತ್ತಾರೆ.

ರೂಢಿಯ ವಿಚ್ಛೇದನವನ್ನು ಹಿಂದೂ ವಿವಾಹ ಕಾಯ್ದೆಯ 29(2) ಕಲಮು ಉಳಿಸಿದೆ, ಸುಳ್ಳಲ್ಲ. ಆದರೆ ಅಂಥ ರೂಢಿ ತಮ್ಮ ಕುಲದಲ್ಲಿದೆ ಎಂದು ನಿರ್ದಿಷ್ಟವಾಗಿ ವಾದಿಸಿ ಸಾಬೀತು ಮಾಡಬೇಕೆಂದು ಕರ್ನಾಟಕದಿಂದ ಹೋದ ಒಂದು ಮೇಲ್ಮನವಿಯಲ್ಲಿ ಸುಪ್ರೀಂ ಕೋರ್ಟು 2002ರಲ್ಲೇ ಹೇಳಿದೆ. ಕುಲದ ಯಜಮಾನರ ಮುಂದೆ ಕಟ್ಟಳೆಯಂತೆ ನಡೆದದ್ದು ರೂಢಿಯಾಗಬಹುದು. ಬಸ್‌ಸ್ಟ್ಯಾಂಡ್ ಎದುರಿನ ಟೈಪಿಂಗ್ ಅಂಗಡಿಯಲ್ಲಿ ನಡೆದದ್ದು ಆಗುವುದಿಲ್ಲ.

ಈ ಕಾಗದಕ್ಕೆ ಇನ್ನೊಂದು ವಿಷವೂ ಇದೆ. ಪರಸ್ಪರ ಒಪ್ಪಿ ಬೇರೆಯಿರುವ ಹೆಂಡತಿಗೆ ಜೀವನಾಂಶ ಸಿಗದು ಎನ್ನುತ್ತದೆ ನಾಗರಿಕ ಸುರಕ್ಷಾ ಸಂಹಿತೆಯ 144(4). ವಿಚ್ಛೇದನವೆಂದು ಸಲ್ಲದ ಪತ್ರವನ್ನೇ "ನೋಡಿ ಸ್ವಾಮಿ, ಒಪ್ಪಿ ಬೇರೆಯಾಗಿದ್ದಾಳೆ" ಎನ್ನಲು ಗಂಡನ ಕಡೆಯವರು ಬಳಸುತ್ತಾರೆ. ಅವಳಿಗೆ ಎರಡೂ ಕಡೆ ನಷ್ಟ.

ಇಂಥ ಹೆಂಗಸರಿಗೆ ಈಚೆಗೆ ಒಂದು ಆಸರೆ ಸಿಕ್ಕಿದೆ. 2025ರ ಜನವರಿ 30ರ ತೀರ್ಪಿನಲ್ಲಿ, ಮೊದಲ ಗಂಡನಿಂದ ಬರೀ ಒಪ್ಪಂದಪತ್ರದ ಮೇಲೆ ಬಿಡಿಸಿಕೊಂಡು ಎರಡನೆಯವನನ್ನು ಮದುವೆಯಾಗಿದ್ದಾಕೆಗೆ ಎರಡನೆಯ ಗಂಡ ಜೀವನಾಂಶ ಕೊಡಬೇಕೆಂದು ಸುಪ್ರೀಂ ಕೋರ್ಟು ಹೇಳಿತು. ಮೊದಲಿನದ್ದೆಲ್ಲ ಗೊತ್ತಿದ್ದೇ ಅವನು ಮದುವೆಯಾಗಿದ್ದ. ಮಕ್ಕಳ ಮಾತಿಗೆ 2023ರ ಸೆಪ್ಟೆಂಬರ್ 1ರ ರೇವಣಸಿದ್ದಪ್ಪ ತೀರ್ಪು ಇದೆ. ಅದೂ ಕರ್ನಾಟಕದಿಂದಲೇ ಹೋದ ಕೇಸು. ಅಸಿಂಧು ಮದುವೆಯ ಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಅಪ್ಪನಿಗೆ ಬರುವ ಪಾಲಿನೊಳಗೆ ಪಾಲುಂಟು. ಅದರಾಚೆಗೆ ಇಲ್ಲ.

*

ಬೇಗ ಬೇಗ ಇನ್ನು ಕೆಲವು.

ಜೀವನಾಂಶಕ್ಕೆ 1898ರ ಸಂಹಿತೆಯಲ್ಲಿದ್ದ ಮಿತಿ ತಿಂಗಳಿಗೆ 50 ರೂಪಾಯಿ. 1923ರಲ್ಲಿ 100 ಆಯಿತು, 1955ರಲ್ಲಿ 500. ಆ 500 ರೂಪಾಯಿ 2001ರ ತನಕ ಕದಲಲಿಲ್ಲ! ಈಗ ಮಿತಿಯೇ ಇಲ್ಲ.

2020ರ ರಜನೇಶ್ ತೀರ್ಪಿನ ನಂತರ ಇಬ್ಬರೂ ಆಸ್ತಿ–ಸಾಲದ ಪ್ರಮಾಣಪತ್ರ ಹಾಕಬೇಕು. ರೈತರಿಗೆ ಬೇರೆಯೇ ನಮೂನೆ ಇರುವುದು ಎಷ್ಟು ವಕೀಲರಿಗೆ ನೆನಪಿದೆ? ಅದರಲ್ಲಿ ಜಮೀನು ಎಷ್ಟು, ತರಿಯೋ ಖುಷ್ಕಿಯೋ, ಏನು ಬೆಳೆ, ದನ–ಎಮ್ಮೆ–ಆಡು ಎಷ್ಟು, ಸಾಲ ಎಷ್ಟು ಎಂಬ ಕಾಲಂಗಳಿವೆ. ಕಲ್ಯಾಣದುರ್ಗದ ಕಡಲೆಕಾಯಿ ರೈತನಿಗೆ ಸಂಬಳದ ಚೀಟಿ ಕೇಳುವ ನಮೂನೆ ಕೊಟ್ಟರೆ ಅವನು ಎಲ್ಲದಕ್ಕೂ "ಇಲ್ಲ" ಎಂದು ಬರೆಸಿ ನಿರಾಳವಾಗಿ ಮನೆಗೆ ಹೋಗುತ್ತಾನೆ.

ಜೀವನಾಂಶದ ಬಾಕಿ ವಸೂಲಿಗೆ ವಾರಂಟ್ ಬೇಕೆಂದರೆ ಬಾಕಿ ಬಿದ್ದ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು. "ಕೊಡ್ತಾನೆ ಬಿಡಿ" ಎಂದು ಕಾದವರು ಹಳೆಯ ತಿಂಗಳುಗಳನ್ನು ಕಳೆದುಕೊಳ್ಳುತ್ತಾರೆ. ಗಂಡ ಗಡಿ ದಾಟಿದ್ದರೂ ಚಿಂತೆಯಿಲ್ಲ. ಆದೇಶವನ್ನು ಅವನಿರುವ ಊರಿನ ಮ್ಯಾಜಿಸ್ಟ್ರೇಟರ ಮೂಲಕ ಜಾರಿ ಮಾಡಿಸಬಹುದು.

ಹಿಂದೂ ವಿವಾಹ ಕಾಯ್ದೆಯ 24ನೇ ಕಲಮಿನಡಿ ಗಂಡನೂ ಮಧ್ಯಂತರ ಜೀವನಾಂಶ ಕೇಳಬಹುದು. ಕೇಳುವವರು ಕಡಿಮೆ, ಅಷ್ಟೇ.

ನೋಂದಣಿ ಚೀಟಿ ಇದ್ದ ಮಾತ್ರಕ್ಕೆ ಮದುವೆಯಾಗದು, ಶಾಸ್ತ್ರ ನಡೆದಿರಬೇಕು ಎಂದಿತು ಸುಪ್ರೀಂ ಕೋರ್ಟು, 2024ರ ಏಪ್ರಿಲ್‌ನಲ್ಲಿ. ಶಾಸ್ತ್ರವೆಂದರೆ ಸಪ್ತಪದಿಯೇ ಆಗಬೇಕೆಂದಿಲ್ಲ. ಎರಡು ಕಡೆಯಲ್ಲಿ ಯಾರದಾದರೂ ಒಬ್ಬರ ವಾಡಿಕೆಯಂತೆ ಆದರೆ ಸಾಕು. ಲೇಪಾಕ್ಷಿಯ ಕಲ್ಯಾಣ ಮಂಟಪ ಅರ್ಧಕ್ಕೇ ನಿಂತಿದೆಯೆಂದು ಅಲ್ಲಿ ಶಿವಪಾರ್ವತಿಯರ ಮದುವೆಯನ್ನು ಯಾರೂ ಪ್ರಶ್ನಿಸಿಲ್ಲ, ಬಿಡಿ.

ಗಂಡ–ಹೆಂಡಿರ ಜಗಳವನ್ನು ಗುಟ್ಟಾಗಿ ಫೋನಿನಲ್ಲಿ ರೆಕಾರ್ಡ್ ಮಾಡಿದ್ದನ್ನೂ ಸಾಕ್ಷಿಯಾಗಿ ನೋಡಬಹುದು: 2025ರ ಜುಲೈ 14ರ ತೀರ್ಪು. ಆದರೆ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಜೊತೆಗಿರಬೇಕು. ಪೆನ್‌ಡ್ರೈವ್ ಒಂದನ್ನೇ ಜೇಬಿಂದ ತೆಗೆದು ಕೊಟ್ಟರೆ ಆಗದು.

ಕುಟುಂಬ ನ್ಯಾಯಾಲಯದಲ್ಲಿ ವಕೀಲರನ್ನು ಇಟ್ಟುಕೊಳ್ಳುವುದು ಕಕ್ಷಿದಾರರ ಹಕ್ಕಲ್ಲ. 1984ರ ಕಾಯ್ದೆಯ 13ನೇ ಕಲಮು ಹಾಗೆನ್ನುತ್ತದೆ. ನಲವತ್ತು ವರ್ಷಗಳಿಂದ ಎಲ್ಲರೂ ಅನುಮತಿ ಪಡೆದೇ ನಿಲ್ಲುತ್ತಿದ್ದಾರೆ.

ಆ ಕಾಯ್ದೆಯಡಿ ಮೇಲ್ಮನವಿಗೆ 30 ದಿನ, ಹಿಂದೂ ವಿವಾಹ ಕಾಯ್ದೆಯಡಿ 90. ಎಚ್ಚರದ ವಕೀಲರು 30ನ್ನೇ ಡೈರಿಯಲ್ಲಿ ಬರೆದುಕೊಳ್ಳುತ್ತಾರೆ.

ಆದಾಯ ಎಷ್ಟೇ ಇರಲಿ, ಹೆಣ್ಣುಮಗಳಿಗೆ ಉಚಿತ ಕಾನೂನು ನೆರವು ಉಂಟು. ಆಂಧ್ರದಲ್ಲಿ ಮಂಡಲ ಕಾನೂನು ಸೇವಾ ಸಮಿತಿ, ಕರ್ನಾಟಕದಲ್ಲಿ ತಾಲ್ಲೂಕು ಸಮಿತಿ. ಎರಡು ಕಡೆಯಿಂದಲೂ ಒಂದೇ ನಂಬರು: 15100.

*

"ಹೆಂಡತಿ ಬಂದು ಸಂಸಾರ ಮಾಡಲಿ" ಎಂದು ಗಂಡ ಹಾಕುವ ಹಿಂದೂ ವಿವಾಹ ಕಾಯ್ದೆಯ 9ನೇ ಕಲಮಿನ ಅರ್ಜಿ ಒಂದು ವರ್ಷದ ಮಟ್ಟಿಗೆ ಗಡಿಯ ಈಚೆ ಸತ್ತು ಆಚೆ ಬದುಕಿತ್ತು! 1983ರ ಜುಲೈ 1ರಂದು ಆಂಧ್ರ ಹೈಕೋರ್ಟಿನ ನ್ಯಾಯಮೂರ್ತಿ ಪಿ.ಎ. ಚೌಧರಿ ಆ ಕಲಮನ್ನೇ ಸಂವಿಧಾನಬಾಹಿರ ಎಂದು ಕಿತ್ತುಹಾಕಿದರು. ಕೇಸು ಹುಟ್ಟಿದ್ದು ಇದೇ ರಾಯಲಸೀಮೆಯ ಕಡಪದಲ್ಲಿ. ಹೆಂಡತಿ ಕನ್ನಡಿಗರೂ ಬಲ್ಲ ಚಿತ್ರನಟಿ ಸರಿತಾ. 1984ರ ಆಗಸ್ಟ್ 8ರಂದು ಬೇರೊಂದು ಕೇಸಿನಲ್ಲಿ ಸುಪ್ರೀಂ ಕೋರ್ಟು ಆ ಅಭಿಪ್ರಾಯವನ್ನು ತಳ್ಳಿಹಾಕಿ ಕಲಮನ್ನು ಉಳಿಸಿತು. ಈಗಲೂ ಗಂಡಂದಿರು ಈ ಅರ್ಜಿ ಹಾಕುವುದು ಹೆಂಡತಿಯ ಮೇಲಿನ ಪ್ರೀತಿಗಿಂತ ಜೀವನಾಂಶ ತಪ್ಪಿಸಲಿಕ್ಕೇ ಹೆಚ್ಚು ಎಂಬುದು ನನ್ನ ಅನಿಸಿಕೆ. ಅದಕ್ಕೂ 2025ರ ಜನವರಿ 10ರಂದು ತಡೆ ಬಿತ್ತು. ಡಿಕ್ರಿಯಾದ ಮೇಲೂ ಹೆಂಡತಿ ಹೋಗಲಿಲ್ಲ ಎಂಬ ಒಂದೇ ಕಾರಣಕ್ಕೆ ಜೀವನಾಂಶ ನಿಲ್ಲಿಸುವಂತಿಲ್ಲ. ಹೋಗದಿರಲು ತಕ್ಕ ಕಾರಣವಿತ್ತೇ ಎಂದು ನೋಡಬೇಕು.

ಕೊನೆಯದು, ಯಾವ ಕಾಯ್ದೆ ಪುಸ್ತಕದಲ್ಲೂ ಸಿಗದ್ದು. ಇಲ್ಲಿಯ ಕೋರ್ಟುಗಳ ವ್ಯವಹಾರ ತೆಲುಗು, ಇಂಗ್ಲಿಷಿನಲ್ಲಿ. ಮಡಕಶಿರಾ ಕಡೆಯ ಎಷ್ಟೋ ಸಾಕ್ಷಿಗಳ ಮನೆಮಾತು ಕನ್ನಡ. ಕಟಕಟೆಗೆ ಬಂದ ಅಜ್ಜಿಯನ್ನು ಮೊಮ್ಮಗಳ ಬಗ್ಗೆ ಕೇಳಿದರೆ "ಅವಳು ಗಂಡ ಬಿಟ್ಟವಳು ಸ್ವಾಮಿ" ಎನ್ನುತ್ತಾಳೆ. ಕನ್ನಡದ ಕಿವಿಗೆ ಇದರಲ್ಲಿ ಯಾರು ಯಾರನ್ನು ಬಿಟ್ಟರೆಂಬ ಲೆಕ್ಕವೇ ಇಲ್ಲ. ಗಂಡನ ಜೊತೆ ಇಲ್ಲ ಎಂದಷ್ಟೇ. ತೆಲುಗಿಗೆ ತಿರುಗಿಸುವವರು ಮಾತ್ರ ಒಂದನ್ನು ಆರಿಸಲೇಬೇಕು: "ಮೊಗುಡು ವದಿಲೇಸಾಡು" ಎಂದರೆ ಗಂಡ ಇವಳನ್ನು ಬಿಟ್ಟ, "ಮೊಗುಣ್ಣಿ ವದಿಲೇಸಿಂದಿ" ಎಂದರೆ ಇವಳೇ ಗಂಡನನ್ನು ಬಿಟ್ಟಳು. ಮೊದಲನೆಯದಾದರೆ ಪರಿತ್ಯಾಗ ಗಂಡನದು. ಎರಡನೆಯದಾದರೆ ಜೀವನಾಂಶಕ್ಕೇ ಕುತ್ತು. ಹೇಳಿಕೆಗೆ ಹೆಬ್ಬೆಟ್ಟು ಒತ್ತಿಸುವ ಮೊದಲು ಅದನ್ನು ಅಜ್ಜಿಗೆ ಕನ್ನಡದಲ್ಲಿ ಓದಿ ಹೇಳುವವರು ಯಾರಾದರೂ ಪಕ್ಕದಲ್ಲಿದ್ದಾರೆಯೇ ಎಂದು ವಕೀಲರು ತಿರುಗಿ ನೋಡಬೇಕಾದ್ದು ಆ ಗಳಿಗೆಯಲ್ಲಿ.